ವಾಹನದ ಛಾವಣಿ ಮೇಲೆ ಸಣ್ಣ ಉಪಗ್ರಹ ಆಂಟೆನಾ: ನಾವಿಕ್ ಪ್ಯಾಚ್‌ನಿಂದ ಕೆಯು ಬ್ಯಾಂಡ್ ಫಲಕದವರೆಗೆ

ಪ್ಯಾಚ್_ಮೈಸೂರು:
ಎಲ್ಲರಿಗೂ ನಮಸ್ಕಾರ. ಆಂಬುಲೆನ್ಸ್ ಗಾತ್ರದ ವ್ಯಾನ್‌ಗೆ ಆಂಟೆನಾ ವಿನ್ಯಾಸ ಆಗಬೇಕಿದೆ. ಮೊದಲ ಹಂತದಲ್ಲಿ ಸ್ವೀಕಾರ ಮಾತ್ರ: ಭಾರತದ ಉಪಗ್ರಹ ನ್ಯಾವಿಗೇಷನ್ ವ್ಯವಸ್ಥೆಯಾದ ನಾವಿಕ್‌ನ ಎಲ್5 (1176.45 ಮೆಗಾಹರ್ಟ್ಸ್) ಮತ್ತು ಎಸ್ ಬ್ಯಾಂಡ್ (2492.028 ಮೆಗಾಹರ್ಟ್ಸ್) ಎರಡೂ ಒಂದೇ ಡಬ್ಬಿಯಲ್ಲಿ ಬರಬೇಕು, ಎತ್ತರ 25 ಮಿ.ಮೀ. ಮೀರಬಾರದು. ಎರಡನೇ ಹಂತದಲ್ಲಿ ಅದೇ ಗಾಡಿಗೆ, ಓಡುತ್ತಿರುವಾಗಲೇ ಡೇಟಾ ಕೊಡುವ ಕೆಯು ಬ್ಯಾಂಡ್ (12–14 ಗಿಗಾಹರ್ಟ್ಸ್ ಆಸುಪಾಸು) ಫಲಕ. ಪ್ರಶ್ನೆಗಳು ಮೂರು. ಎಫ್‌ಆರ್4 (ಸಾಮಾನ್ಯ ಗ್ಲಾಸ್ ಫೈಬರ್ ಸರ್ಕ್ಯೂಟ್) ಬೋರ್ಡ್ ಸಾಕೇ? ಮೂಲೆ ಕತ್ತರಿಸಿದ, ಒಂಟಿ ಫೀಡ್‌ನ (ಸಿಗ್ನಲ್ ಜೋಡಣೆ ಒಂದೇ ಕಡೆ ಇರುವ) ಪ್ಯಾಚ್, ಅಂದರೆ ಬೋರ್ಡಿನ ಮೇಲಿನ ಚಪ್ಪಟೆ ಲೋಹದ ಆಂಟೆನಾ, ಸಾಕೇ? ಕೆಯು ಬ್ಯಾಂಡ್‌ಗೆ ತಿರುಗುವ ಡಿಶ್ ಒಳ್ಳೆಯದೋ, ಫೇಸ್ಡ್ ಅರೇ (ತಾನು ಅಲ್ಲಾಡದೆ ಬೀಮನ್ನು ವಿದ್ಯುನ್ಮಾನವಾಗಿ ತಿರುಗಿಸುವ ಫಲಕ) ಒಳ್ಳೆಯದೋ?

ತರಂಗದೂರ:
ಎಫ್‌ಆರ್4 ಬಿಟ್ಟುಬಿಡಿ. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ (ಪ್ಯಾಚ್‌ನ ಆವರ್ತನ ನಿರ್ಧರಿಸುವ ವಸ್ತುಗುಣ) ಒಂದು ಲಾಟ್‌ನಿಂದ ಇನ್ನೊಂದಕ್ಕೆ 4.2ರಿಂದ 4.6ರವರೆಗೆ ಓಡಾಡುತ್ತದೆ. 4.4ಕ್ಕೆ ಲೆಕ್ಕ ಹಾಕಿದ ಪ್ಯಾಚ್‌ನ ಆವರ್ತನ ಶೇ. 2.3ರಷ್ಟು, ಅಂದರೆ 57 ಮೆಗಾಹರ್ಟ್ಸ್‌ವರೆಗೆ ಆಚೀಚೆ ಹೋಗುತ್ತದೆ. ನಾವಿಕ್ ಎಸ್ ಬ್ಯಾಂಡ್ ಸಿಗ್ನಲ್‌ನ ಅಗಲವೇ 16.5 ಮೆಗಾಹರ್ಟ್ಸ್, 1.6 ಮಿ.ಮೀ. ಬೋರ್ಡಿನ ಪ್ಯಾಚ್ ಕೊಡುವ ಬ್ಯಾಂಡ್‌ವಿಡ್ತ್ ಶೇ. 2ರ ಒಳಗೆ. ಒಂದು ಲಾಟ್ ಕೆಲಸ ಮಾಡುತ್ತದೆ, ಮುಂದಿನದು ಮಾಡುವುದಿಲ್ಲ. ಮೇಲಾಗಿ ಲಾಸ್ ಟ್ಯಾಂಜೆಂಟ್ 0.02 ಇರುವುದರಿಂದ ಬಂದ ಶಕ್ತಿಯಲ್ಲಿ ಒಂದಷ್ಟು ಬೋರ್ಡಿನಲ್ಲೇ ಬಿಸಿಯಾಗಿ ಹೋಗುತ್ತದೆ.

ಆರ್‌ಒ4003ಸಿ ಎಂಬ ಹೈ ಫ್ರೀಕ್ವೆನ್ಸಿ ಬೋರ್ಡ್ 1.524 ಮಿ.ಮೀ. ತೆಗೆದುಕೊಳ್ಳಿ. ವಿನ್ಯಾಸಕ್ಕೆ ಸ್ಥಿರಾಂಕ 3.55 ಹಿಡಿಯಿರಿ, ಡೇಟಾಶೀಟ್‌ನಲ್ಲಿ 3.38 ಎಂದೂ ಇರುತ್ತದೆ, ಪ್ಯಾಚ್ ಲೆಕ್ಕಕ್ಕೆ ಅದಲ್ಲ. ಆಗ ಎಸ್ ಬ್ಯಾಂಡ್ ಚೌಕದ ಬದಿ ಸುಮಾರು 31.7 ಮಿ.ಮೀ., ಎಲ್5 ಚೌಕದ ಬದಿ ಸುಮಾರು 67.6 ಮಿ.ಮೀ. ಬರುತ್ತದೆ. ದೊಡ್ಡದರ ಮೇಲೆ ಚಿಕ್ಕದನ್ನು ಕೂರಿಸಿದರೆ ಕೆಳಗಿನ ಪ್ಯಾಚೇ ಮೇಲಿನದಕ್ಕೆ ಗ್ರೌಂಡ್ ಆಗುತ್ತದೆ. ಎಸ್ ಬ್ಯಾಂಡ್ ಪಿನ್‌ಗಳು ಕೆಳಗಿನ ಪ್ಯಾಚ್ ಅನ್ನು ಅದರ ನಡುಭಾಗದಲ್ಲೇ ದಾಟಬೇಕು, ಅಲ್ಲಿ ವಿದ್ಯುತ್ ಕ್ಷೇತ್ರ ಸೊನ್ನೆಗೆ ಹತ್ತಿರ. ಎಸ್ ಬ್ಯಾಂಡ್‌ನ 50 ಓಮ್ ಬಿಂದು ಕೇಂದ್ರದಿಂದ 4–5 ಮಿ.ಮೀ. ಮಾತ್ರ ದೂರ ಇರುವುದರಿಂದ ಇದು ಸುಲಭವಾಗಿ ಹೊಂದುತ್ತದೆ.

ಛಾವಣಿಕೆಲಸ:
ಗಾಳಿಯನ್ನೇ ಡೈಎಲೆಕ್ಟ್ರಿಕ್ ಮಾಡಿಕೊಂಡು, 5 ಮಿ.ಮೀ. ಸ್ಪೇಸರ್ ಮೇಲೆ ಹಿತ್ತಾಳೆ ತಗಡು ಇಟ್ಟರೆ ಬೋರ್ಡಿನ ಖರ್ಚೇ ಇಲ್ಲವಲ್ಲ? ಬದಿ 53 ಮಿ.ಮೀ. ಬರುತ್ತದೆ, ಬ್ಯಾಂಡ್‌ವಿಡ್ತ್ ಶೇ. 5ರ ಹತ್ತಿರ ಹೋಗುತ್ತದೆ, ಗೇನ್ (ಒಂದು ದಿಕ್ಕಿಗೆ ಸಿಗ್ನಲ್ ಒಟ್ಟುಗೂಡಿಸುವ ಬಲ) ಕೂಡ ಹೆಚ್ಚು.

ತರಂಗದೂರ:
ಗೇನ್ ಹೆಚ್ಚಾಗುವುದೇ ಇಲ್ಲಿ ತೊಂದರೆ ಸರ್. ನೆತ್ತಿಯ ಕಡೆ ಗೇನ್ ಏರಿದಷ್ಟೂ ಬೀಮ್ ಕಿರಿದಾಗಿ ಕೆಳಗಿನ ಕೋನಗಳು ಬಡವಾಗುತ್ತವೆ. ಬೆಂಗಳೂರಿನಿಂದ ನೋಡಿದರೆ 83 ಡಿಗ್ರಿ ಪೂರ್ವ ರೇಖಾಂಶದ ನಾವಿಕ್ ಉಪಗ್ರಹ ದಿಗಂತದಿಂದ 73 ಡಿಗ್ರಿ ಮೇಲಿದೆ, ಆದರೆ 32.5 ಡಿಗ್ರಿ ಪೂರ್ವದ್ದು ಬರೀ 36 ಡಿಗ್ರಿ ಎತ್ತರದಲ್ಲಿ, ಪೂರ್ವ ತುದಿಯದ್ದು 30ರ ಆಸುಪಾಸಿನಲ್ಲಿ. ಸ್ಥಾನ ನಿಖರವಾಗಿ ಸಿಗಬೇಕಾದರೆ ಈ ತುದಿಯ ಉಪಗ್ರಹಗಳೇ ಮುಖ್ಯ. ಗಾಳಿ ಪ್ಯಾಚ್ ಒಂದೇ ಸ್ಥಿರ ಉಪಗ್ರಹದ ಸಂದೇಶ ಹಿಡಿಯುವ ಕೆಲಸಕ್ಕೆ ಚೆನ್ನಾಗಿದೆ, ನ್ಯಾವಿಗೇಷನ್‌ಗೆ ಅಲ್ಲ. 5 ಮಿ.ಮೀ. ಅಂತರವನ್ನು ಗಾಡಿಯ ಕಂಪನದಲ್ಲಿ ವರ್ಷಗಟ್ಟಲೆ ಹಾಗೇ ಕಾಪಾಡುವುದೂ ಕಷ್ಟ.

ಎಲ್‌ಎನ್‌ಎ_ಧಾರವಾಡ:
ಒಂಟಿ ಫೀಡ್ ಬೇಡ. ತೆಳು ಬೋರ್ಡಿನಲ್ಲಿ ಮೂಲೆ ಕತ್ತರಿಸಿದ ಪ್ಯಾಚ್‌ನ ವೃತ್ತಾಕಾರ ಧ್ರುವೀಕರಣ, ಅಂದರೆ ಆಕ್ಸಿಯಲ್ ರೇಷಿಯೋ 3 ಡಿಬಿ ಒಳಗಿರುವ ಪಟ್ಟಿ, ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. 16.5 ಮೆಗಾಹರ್ಟ್ಸ್ ಪೂರ್ತಿ ಮುಚ್ಚುವುದಿಲ್ಲ. 90 ಡಿಗ್ರಿ ಅಂತರದ ಎರಡು ಫೀಡ್, ಹಿಂದೆ ಒಂದು ಚಿಪ್ ಹೈಬ್ರಿಡ್ (ಸಿಗ್ನಲ್ಲನ್ನು 90 ಡಿಗ್ರಿ ಫೇಸ್ ಅಂತರದ ಎರಡು ಸಮಭಾಗ ಮಾಡುವ, ನಾಲ್ಕು ಪೋರ್ಟಿನ ಬಿಡಿಭಾಗ), ಅದರ ನಾಲ್ಕನೇ ಪೋರ್ಟ್‌ಗೆ 50 ಓಮ್ ರೆಸಿಸ್ಟರ್. ಬಲಗೈ ಧ್ರುವೀಕರಣ ಶುದ್ಧವಾಗಿದ್ದರೆ ಪಕ್ಕದ ಲಾರಿ, ಕಟ್ಟಡಗಳಿಂದ ಒಮ್ಮೆ ಪ್ರತಿಫಲಿಸಿ ಎಡಗೈ ಆಗಿ ಬರುವ ಸಿಗ್ನಲ್ ತಾನಾಗಿಯೇ ತಗ್ಗುತ್ತದೆ. ನಗರದೊಳಗೆ ಅದರ ಬೆಲೆ ದೊಡ್ಡದು.

ಆದರೆ ಈ ಹೈಬ್ರಿಡ್‌ನಲ್ಲಿ ಒಂದು ಬಲೆ ಇದೆ, ದಯವಿಟ್ಟು ಗಮನಿಸಿ. ವಿಎನ್‌ಎ (ರೇಡಿಯೋ ಸರ್ಕ್ಯೂಟ್ ಅಳೆಯುವ ಉಪಕರಣ) ಜೋಡಿಸಿ ಇನ್‌ಪುಟ್‌ನಲ್ಲಿ ರಿಟರ್ನ್ ಲಾಸ್, ಅಂದರೆ ವಾಪಸ್ ಬರುವ ಶಕ್ತಿ ನೋಡಿದರೆ −20 ಡಿಬಿ ಎಂದು ಅಂದವಾಗಿ ಕಾಣುತ್ತದೆ. ಪ್ಯಾಚ್ 60 ಮೆಗಾಹರ್ಟ್ಸ್ ತಪ್ಪಿ ಕೂತಿದ್ದರೂ ಅಷ್ಟೇ ಚೆಂದ ಕಾಣುತ್ತದೆ! ಎರಡೂ ಫೀಡ್‌ಗಳಿಂದ ಸಮನಾಗಿ ವಾಪಸ್ ಬಂದ ಶಕ್ತಿ ಇನ್‌ಪುಟ್‌ನಲ್ಲಿ ಪರಸ್ಪರ ರದ್ದಾಗಿ, ನಾಲ್ಕನೇ ಪೋರ್ಟಿನ ರೆಸಿಸ್ಟರ್‌ಗೆ ಹೋಗಿ ಬಿಸಿಯಾಗುತ್ತದೆ. ಮಾಪನ ಚೆನ್ನಾಗಿದೆ, ಆಂಟೆನಾ ಕೆಲಸ ಮಾಡುತ್ತಿಲ್ಲ ಎಂಬ ಪರಿಸ್ಥಿತಿಗೆ ಹೆಚ್ಚಾಗಿ ಇದೇ ಕಾರಣ. ಪರೀಕ್ಷೆಯ ಬೋರ್ಡಿನಲ್ಲಿ ಆ ರೆಸಿಸ್ಟರ್ ಜಾಗದಲ್ಲಿ ಸಣ್ಣ ಕನೆಕ್ಟರ್ ಇಡಿ, ವಿಎನ್‌ಎಯ ಎರಡನೇ ಪೋರ್ಟ್ ಅಲ್ಲಿಗೆ ಜೋಡಿಸಿ ಎಸ್21, ಅಂದರೆ ಇನ್‌ಪುಟ್‌ನಿಂದ ಅಲ್ಲಿಗೆ ತಲುಪುವ ಶಕ್ತಿ ನೋಡಿ. 2492ರಲ್ಲಿ −15 ಡಿಬಿಗಿಂತ ಕೆಳಗಿದ್ದರೆ ಮಾತ್ರ ಪ್ಯಾಚ್ ನಿಜವಾಗಿ ಶ್ರುತಿಯಲ್ಲಿದೆ. ಆ ತಗ್ಗು ಯಾವ ಆವರ್ತನದಲ್ಲಿ ಕಾಣುತ್ತದೋ ಅದೇ ಪ್ಯಾಚ್‌ನ ನಿಜವಾದ ಆವರ್ತನ. 3 ಗಿಗಾಹರ್ಟ್ಸ್‌ವರೆಗೆ ಹೋಗುವ ಅಗ್ಗದ ವಿಎನ್‌ಎ ಇದಕ್ಕೆ ಸಾಕು, 900 ಮೆಗಾಹರ್ಟ್ಸ್‌ನ ಹಳೆಯದು ಸಾಲದು.

ಪ್ಯಾಚ್_ಮೈಸೂರು:
ಇದು ತುಂಬಾ ಉಪಯೋಗದ ಮಾತು ಮೇಡಂ. ಫಿಲ್ಟರ್ ಎಲ್ಲಿ ಇಡಬೇಕು? ಎಲ್‌ಎನ್‌ಎ (ಕಡಿಮೆ ಗದ್ದಲದ ಆಂಪ್ಲಿಫೈಯರ್) ಮುಂದೆಯೋ ಹಿಂದೆಯೋ? ವ್ಯಾನ್ ಒಳಗೆ ವೈಫೈ ಹಾಟ್‌ಸ್ಪಾಟ್ ಇರುತ್ತದೆ.

ಎಲ್‌ಎನ್‌ಎ_ಧಾರವಾಡ:
ಲೆಕ್ಕ ಹಾಕಿಯೇ ನೋಡೋಣ. ಆಂಟೆನಾ ಗೇನ್ 4 ಡಿಬಿ, ಆಂಟೆನಾ ಉಷ್ಣತೆ 100 ಕೆಲ್ವಿನ್, ಎಲ್‌ಎನ್‌ಎ ನಾಯ್ಸ್ ಫಿಗರ್ (ಅದೇ ಸೇರಿಸುವ ಗದ್ದಲ) 0.8 ಡಿಬಿ, ಅಂದರೆ 59 ಕೆಲ್ವಿನ್. ಫಿಲ್ಟರ್ ಇಲ್ಲದಿದ್ದರೆ ಒಟ್ಟು 159 ಕೆಲ್ವಿನ್, ಜಿ/ಟಿ (ಗೇನ್ ಮತ್ತು ಗದ್ದಲದ ಉಷ್ಣತೆಯ ಅನುಪಾತ, ಹೆಚ್ಚಿದ್ದಷ್ಟೂ ಒಳ್ಳೆಯದು) −18 ಡಿಬಿ/ಕೆ. ಎಲ್‌ಎನ್‌ಎ ಮುಂದೆ 1 ಡಿಬಿ ನಷ್ಟದ ಫಿಲ್ಟರ್ ಇಟ್ಟರೆ ಒಟ್ಟು 249 ಕೆಲ್ವಿನ್, ಜಿ/ಟಿ −20. ಒಂದು ಡಿಬಿ ಫಿಲ್ಟರ್ ಎರಡು ಡಿಬಿ ತಿನ್ನುತ್ತದೆ.

ಹಾಗಂತ ಫಿಲ್ಟರ್ ಬಿಡುವಂತಿಲ್ಲ. ಹಾಟ್‌ಸ್ಪಾಟ್ 20 ಡಿಬಿಎಂ ಬಿಡುತ್ತಿದ್ದು ಆಂಟೆನಾದಿಂದ 1 ಮೀಟರ್ ದೂರದಲ್ಲಿದ್ದರೆ ದಾರಿಯಲ್ಲಿ ಕಳೆಯುವುದು 40 ಡಿಬಿ ಮಾತ್ರ. ನಡುವೆ ತಗಡಿನ ಛಾವಣಿ ಇಲ್ಲದಿದ್ದರೆ −20 ಡಿಬಿಎಂ ನೇರ ಎಲ್‌ಎನ್‌ಎಗೆ ಬಂದು ಬಡಿಯುತ್ತದೆ. ಸಾಧಾರಣ ಎಲ್‌ಎನ್‌ಎ ಅಲ್ಲಿಗೇ ಸ್ಯಾಚುರೇಟ್ ಆಗುತ್ತದೆ, ಆಮೇಲೆ ಹಿಂದೆ ಎಷ್ಟೇ ಒಳ್ಳೆಯ ಫಿಲ್ಟರ್ ಇಟ್ಟರೂ ಉಪಯೋಗವಿಲ್ಲ. ವೈಫೈ 11ನೇ ಚಾನೆಲ್‌ನ ಮೇಲಂಚು 2473ರ ಹತ್ತಿರ, 13ನೆಯದ್ದು 2483ರ ಹತ್ತಿರ. ನಾವಿಕ್ ಎಸ್ ಶುರುವಾಗುವುದೂ 2483.8ಕ್ಕೆ. ಇಷ್ಟು ಕಿರಿದಾದ ಸಂದಿನಲ್ಲಿ ಯಾವ ಸಣ್ಣ ಫಿಲ್ಟರೂ ಪೂರ್ತಿ ಕತ್ತರಿಸಲಾರದು. ಎಲ್ಲಕ್ಕಿಂತ ಅಗ್ಗದ ಪರಿಹಾರ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಕಟ್ಟಿಹಾಕುವುದು. ಆಮೇಲೆ ಕಡಿಮೆ ನಷ್ಟದ ಒಂದು ಫಿಲ್ಟರ್ ಮುಂದೆ, ಕಡಿದಾದ ಸಾ (ಎಸ್‌ಎಡಬ್ಲ್ಯು) ಫಿಲ್ಟರ್ ಎಲ್‌ಎನ್‌ಎ ಹಿಂದೆ.

ಕೇಬಲ್ ಬಗ್ಗೆ ಒಂದೇ ಮಾತು. ಆರ್‌ಜಿ174ನಲ್ಲಿ ಈ ಆವರ್ತನಕ್ಕೆ ಮೀಟರಿಗೆ 2 ಡಿಬಿ ಹತ್ತಿರ ಹೋಗುತ್ತದೆ, ಎಲ್‌ಎಂಆರ್200ನಲ್ಲಿ ಅರ್ಧ ಡಿಬಿ ಚಿಲ್ಲರೆ. ಎಲ್‌ಎನ್‌ಎ ಡಬ್ಬಿಯೊಳಗೇ ಇರಲಿ.

ಛಾವಣಿಕೆಲಸ:
ಈಗ ನಮ್ಮ ವಿಭಾಗಕ್ಕೆ ಬರೋಣ. ಬೆಂಚ್ ಮೇಲೆ ಶ್ರುತಿ ಮಾಡಿದ ಆಂಟೆನಾ ಗಾಡಿ ಮೇಲೆ ಹೋದಮೇಲೆ ಬೇರೆಯೇ ಆಂಟೆನಾ. ಅನೇಕ ಆಂಬುಲೆನ್ಸ್‌ಗಳಿಗೆ ಫೈಬರ್ ಟಾಪ್ ಇರುತ್ತದೆ, ಕೆಳಗೆ ಲೋಹವೇ ಇಲ್ಲ. ಅಂಥಲ್ಲಿ ಕನಿಷ್ಠ 300 × 300 ಮಿ.ಮೀ. ಅಲ್ಯುಮಿನಿಯಂ ತಗಡು ಹಾಕಲೇಬೇಕು, ಎಲ್5ನ ತರಂಗಾಂತರವೇ 255 ಮಿ.ಮೀ. ಸ್ಟೀಲ್ ಟಾಪ್ ಆದರೆ ಅಂಚಿನಿಂದ, ಸೈರನ್ ಲೈಟ್ ಬಾರ್‌ನಿಂದ, ಎಸಿ ಘಟಕದಿಂದ ದೂರವಿಡಿ. 200 ಮಿ.ಮೀ. ಎತ್ತರದ ಲೈಟ್ ಬಾರ್ ಪಕ್ಕದಲ್ಲೇ ಇದ್ದರೆ ಆ ದಿಕ್ಕಿನಲ್ಲಿ 30 ಡಿಗ್ರಿ ಮೇಲಿನ ಆಕಾಶ ಪೂರ್ತಿ ಕಾಣಬೇಕಾದರೆ ಸುಮಾರು 350 ಮಿ.ಮೀ. ಅಂತರ ಬೇಕು, ಇದು ಬರೀ ನೆರಳಿನ ಲೆಕ್ಕ. ಅದರ ಲೋಹದಿಂದ ಆಗುವ ಪ್ರತಿಫಲನಕ್ಕೆ ಇನ್ನೂ ಹೆಚ್ಚು ಬಿಡಿ. ಲೈಟ್ ಬಾರ್‌ನ ಎಲ್‌ಇಡಿ ಡ್ರೈವರ್ ಕೂಡ ಗದ್ದಲ ಎಬ್ಬಿಸುತ್ತದೆ. ಸೈರನ್ ಹಾಕಿ, ಆರಿಸಿ, ಎರಡೂ ಸ್ಥಿತಿಯಲ್ಲಿ ಸಿ/ಎನ್0 (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) ಬರೆದಿಟ್ಟುಕೊಳ್ಳಿ.

ಅಲ್ಯುಮಿನಿಯಂ ತಗಡನ್ನು ಬರೀ ಸ್ಟೀಲ್ ಮೇಲೆ ಕೂರಿಸಬೇಡಿ. ಕಾರವಾರ, ಮಂಗಳೂರು ಕಡೆಯ ಉಪ್ಪುಗಾಳಿಯಲ್ಲಿ ಎರಡು ಲೋಹಗಳ ನಡುವೆ ತುಕ್ಕು ಬೇಗ ಹಿಡಿಯುತ್ತದೆ. ಸ್ಟೇನ್‌ಲೆಸ್ ಬೋಲ್ಟ್, ನಡುವೆ ಇಪಿಡಿಎಂ ಗ್ಯಾಸ್ಕೆಟ್, ಅರ್ತ್ ಮಾತ್ರ ಒಂದು ಕಡೆ ಟಿನ್ ಲೇಪಿತ ಲಗ್‌ನಿಂದ. ಹಿತ್ತಾಳೆ ಎಸ್‌ಎಂಎ ಕನೆಕ್ಟರ್‌ಗೆ 0.56 ನ್ಯೂಟನ್ ಮೀಟರ್, ಸ್ಟೇನ್‌ಲೆಸ್‌ಗೆ 0.9ರ ಹತ್ತಿರ ಟಾರ್ಕ್ ಕೊಡಿ. ಕೈಯಲ್ಲಿ ಬಿಗಿ ಮಾಡಿದ್ದು ಹಂಪ್‌ಗಳ ಮೇಲೆ ಹಾರಿ ಹಾರಿ ಸಡಿಲವಾಗುತ್ತದೆ, ಸಿಗ್ನಲ್ ಆಗಾಗ ಹೋಗಿ ಬರುತ್ತದೆ, ದೋಷ ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ತರಂಗದೂರ:
ಮುಚ್ಚಳದ ಬಗ್ಗೆ ಸೇರಿಸುತ್ತೇನೆ. ಪ್ಯಾಚ್ ಮೇಲೆ ಪ್ಲಾಸ್ಟಿಕ್ ಬಂದರೆ ಆವರ್ತನ ಕೆಳಗಿಳಿಯುತ್ತದೆ, ಆದ್ದರಿಂದ ಮುಚ್ಚಳ ಹಾಕಿಯೇ ಶ್ರುತಿ ಮಾಡಿ. ಎಸ್ ಬ್ಯಾಂಡ್‌ನಲ್ಲಿ 2 ಮಿ.ಮೀ. ಎಎಸ್‌ಎ ಪ್ಲಾಸ್ಟಿಕ್‌ನಿಂದ ಸಿಗ್ನಲ್ ನಷ್ಟ ಹೆಚ್ಚೇನೂ ಇಲ್ಲ, ಅದು ಎಬಿಎಸ್‌ಗಿಂತ ಬಿಸಿಲಿಗೆ ಚೆನ್ನಾಗಿ ತಡೆದುಕೊಳ್ಳುತ್ತದೆ. ಇಂಗಾಲದ ಪುಡಿ ಬೆರೆಸಿದ ಕಪ್ಪು ಪ್ಲಾಸ್ಟಿಕ್, ಲೋಹದ ಚೂರು ಇರುವ ಮೆಟಾಲಿಕ್ ಪೇಂಟ್ ಎರಡೂ ಬೇಡ. ಗಾಡಿಯ ಬಣ್ಣಕ್ಕೆ ಹೊಂದಲಿ ಅಂತ ಗ್ಯಾರೇಜಿನವರು ಮುಚ್ಚಳದ ಮೇಲೂ ಸ್ಪ್ರೇ ಹೊಡೆಯುವ ಸಾಧ್ಯತೆ ಇರುತ್ತದೆ, ಮೇಲೆ ಎಚ್ಚರಿಕೆಯ ಸ್ಟಿಕರ್ ಹಾಕಿ.

ಶಿವಮೊಗ್ಗ_ವಿಸ್ಯಾಟ್:
ಕೆಯು ಬ್ಯಾಂಡ್ ಪ್ರಶ್ನೆಗೆ ಬರುತ್ತೇನೆ. 45 ಸೆಂ.ಮೀ. ಡಿಶ್ 14.25 ಗಿಗಾಹರ್ಟ್ಸ್‌ನಲ್ಲಿ ಸುಮಾರು 34 ಡಿಬಿಐ ಗೇನ್, 3.3 ಡಿಗ್ರಿ ಬೀಮ್ ಕೊಡುತ್ತದೆ. ಗುರಿ ಅರ್ಧ ಡಿಗ್ರಿ ತಪ್ಪಿದರೆ ನಿಮ್ಮ ಲಿಂಕ್ ಕಳೆದುಕೊಳ್ಳುವುದು 0.3 ಡಿಬಿ ಮಾತ್ರ. ಹಾಗಾದರೆ ಗುರಿಯ ಬಗ್ಗೆ ಇಷ್ಟೊಂದು ತಲೆಬಿಸಿ ಯಾಕೆ? ಪಕ್ಕದ ಉಪಗ್ರಹಗಳಿಗಾಗಿ. ಭೂಸ್ಥಿರ ಕಕ್ಷೆಯಲ್ಲಿ ಎರಡು ಡಿಗ್ರಿಗೆ ಒಂದು ಉಪಗ್ರಹ ಇರಬಹುದು. ನಿಮ್ಮ ಪ್ರಸಾರದ ಸೈಡ್‌ಲೋಬ್ (ಪಕ್ಕಕ್ಕೆ ಸೋರುವ ಶಕ್ತಿ) ಅವರ ರಿಸೀವರ್‌ಗೆ ಗದ್ದಲ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ವಾಹನ ಕೇಂದ್ರಗಳಿಗೆ ಹಿಂದೆ ಇಟ್ಟಿದ್ದ ಅಳತೆ ಇದು: ಗುರಿ 0.2 ಡಿಗ್ರಿ ಒಳಗಿರಬೇಕಿತ್ತು, 0.5 ಮೀರಿದರೆ 100 ಮಿಲಿಸೆಕೆಂಡ್‌ನೊಳಗೆ ಪ್ರಸಾರ ನಿಲ್ಲಬೇಕಿತ್ತು. ಎಲ್ಲೇ ಕೆಲಸ ಮಾಡಿದರೂ ವಿನ್ಯಾಸಕ್ಕೆ ಈ ಅಂಕಿ ಇಟ್ಟುಕೊಳ್ಳುವುದು ಒಳ್ಳೆಯದು. ಸಿಗ್ನಲ್ಲನ್ನು ಸ್ಪ್ರೆಡ್ ಮಾಡಿ ಪ್ರತಿ ಹರ್ಟ್ಸ್‌ಗೆ ಬೀಳುವ ಶಕ್ತಿ ತಗ್ಗಿಸುವುದು ಇನ್ನೊಂದು ದಾರಿ.

ತಿರುಗುವ ಡಿಶ್‌ಗೆ ದಕ್ಷಿಣ ಭಾರತದಲ್ಲಿ ಬೇರೊಂದು ಕಷ್ಟವಿದೆ. ಉಪಗ್ರಹ ನೆತ್ತಿಗೆ ಹತ್ತಿರ. 73 ಡಿಗ್ರಿ ಎತ್ತರದಲ್ಲಿ ಗಾಡಿ ಪಕ್ಕಕ್ಕೆ ಸೆಕೆಂಡಿಗೆ 20 ಡಿಗ್ರಿ ವಾಲಿದರೆ ಅಜಿಮತ್ (ಅಡ್ಡಕ್ಕೆ ತಿರುಗಿಸುವ) ಮೋಟರ್ ಸೆಕೆಂಡಿಗೆ ಸುಮಾರು 65 ಡಿಗ್ರಿ ತಿರುಗಬೇಕಾಗಬಹುದು. ರಸ್ತೆಯ ಇಳಿಜಾರಿನಿಂದ ಗಾಡಿಗೆ ಹೋಲಿಸಿದ ಎತ್ತರ 83 ಡಿಗ್ರಿ ಆಯಿತೆಂದರೆ 160. ಟ್ಯಾನ್ ಕೋನದ ಲೆಕ್ಕ, 90 ಹತ್ತಿರವಾದಂತೆ ಅನಂತಕ್ಕೆ ಓಡುತ್ತದೆ. ಯುರೋಪ್‌ನ ತಗ್ಗು ಕೋನಗಳಿಗೆ ಮಾಡಿದ ಎರಡು ಅಕ್ಷದ ಯಂತ್ರ ಇಲ್ಲಿ ಘಟ್ಟದ ತಿರುವಿನಲ್ಲಿ ಹಿಂದೆ ಬೀಳುವುದು ಇದಕ್ಕೇ. ಮೂರನೇ ಅಕ್ಷ ಬೇಕು, ಇಲ್ಲವೇ ಫೇಸ್ಡ್ ಅರೇ.

ಪ್ಯಾಚ್_ಮೈಸೂರು:
ಹಾಗಾದರೆ ನೆತ್ತಿಯ ಉಪಗ್ರಹ ಫಲಕಕ್ಕೆ ಅನುಕೂಲವೇ ಆಯಿತಲ್ಲ?

ಶಿವಮೊಗ್ಗ_ವಿಸ್ಯಾಟ್:
ಹೌದು, ದೊಡ್ಡ ಅನುಕೂಲ. ಚಪ್ಪಟೆ ಫಲಕ ಬೀಮನ್ನು ಓರೆ ಮಾಡಿದಷ್ಟೂ ಗೇನ್ ಕಳೆದುಕೊಳ್ಳುತ್ತದೆ, ಸುಮಾರಾಗಿ ಕೊಸೈನ್‌ನ 1.3ನೇ ಘಾತದಂತೆ. 83 ಡಿಗ್ರಿ ಪೂರ್ವದ ಉಪಗ್ರಹಕ್ಕೆ ಬೆಂಗಳೂರಲ್ಲಿ ಓರೆ 17 ಡಿಗ್ರಿ, ನಷ್ಟ 0.25 ಡಿಬಿ. ಬೀದರ್‌ನಲ್ಲಿ 22 ಡಿಗ್ರಿ. ದೆಹಲಿಯಲ್ಲಿ 34 ಡಿಗ್ರಿ, ನಷ್ಟ 1 ಡಿಬಿ. ಉಪಗ್ರಹ 30 ಡಿಗ್ರಿ ಎತ್ತರದಲ್ಲಿರುವ ಉತ್ತರ ದೇಶಗಳಲ್ಲಿ 4 ಡಿಬಿ ಹತ್ತಿರ. ಅದೇ ಕೆಲಸಕ್ಕೆ ಅವರ ಫಲಕ ನಮ್ಮದರ ಎರಡರಷ್ಟು ವಿಸ್ತೀರ್ಣ ಕೇಳುತ್ತದೆ.

14.5 ಗಿಗಾಹರ್ಟ್ಸ್‌ನಲ್ಲಿ ಅರ್ಧ ತರಂಗಾಂತರ 10.3 ಮಿ.ಮೀ. 32 × 32, ಅಂದರೆ 1024 ಎಲಿಮೆಂಟ್ (ಫಲಕದೊಳಗಿನ ಸಣ್ಣ ಆಂಟೆನಾ) ಹಾಕಿದರೆ 33 ಸೆಂ.ಮೀ. ಚೌಕ, ಆದರ್ಶದಲ್ಲಿ 35 ಡಿಬಿಐ, ಫೀಡ್ ನಷ್ಟ ಕಳೆದು 32ರ ಆಸುಪಾಸು. ಎಲಿಮೆಂಟ್ ಅಂತರ ಹಿಗ್ಗಿಸಿ ಚಿಪ್ ಉಳಿಸುವ ಆಸೆ ಎಲ್ಲರಿಗೂ ಬರುತ್ತದೆ. 60 ಡಿಗ್ರಿವರೆಗೆ ಓರೆ ಮಾಡಬೇಕಾದರೆ ಅಂತರ 0.536 ತರಂಗಾಂತರ ದಾಟಬಾರದು, ದಾಟಿದರೆ ಗ್ರೇಟಿಂಗ್ ಲೋಬ್ ಎಂಬ ಬೇಡದ ಇನ್ನೊಂದು ಬೀಮ್ ಎದ್ದು ಬೇರೆ ಯಾರದೋ ಉಪಗ್ರಹದ ಮೇಲೆ ಬೀಳುತ್ತದೆ. 40 ಡಿಗ್ರಿ ಸಾಕು ಎಂದು ಮೊದಲೇ ತೀರ್ಮಾನಿಸಿದರೆ 0.6ವರೆಗೆ ಹೋಗಬಹುದು, ಎಲಿಮೆಂಟ್ ಸಂಖ್ಯೆ ಸುಮಾರು ಶೇ. 20ರಷ್ಟು ಇಳಿಯುತ್ತದೆ. ಆದರೆ ಘಟ್ಟದ ಏರಿನಲ್ಲಿ ಗಾಡಿ 8–10 ಡಿಗ್ರಿ ವಾಲುವುದನ್ನೂ ಆ 40ರೊಳಗೇ ಎಣಿಸಬೇಕು.

ತರಂಗದೂರ:
ಎತ್ತರ ತಗ್ಗಿಸಲು ಉದ್ದ ಹೆಚ್ಚು, ಅಗಲ ಕಡಿಮೆ ಇರುವ ಆಯತಾಕಾರದ ತಿರುಗು ಫಲಕಗಳೂ ಬರುತ್ತವೆ. ಅವು ಅಡ್ಡಕ್ಕೆ ಕಿರಿದಾದ ಬೀಮ್, ಮೇಲೆ-ಕೆಳಗೆ ಅಗಲ ಬೀಮ್ ಕೊಡುತ್ತವೆ. ಉಪಗ್ರಹಗಳ ಸಾಲು ಅಡ್ಡಕ್ಕೆ ಕಾಣುವ ಊರುಗಳಿಗೆ ಅದು ಸರಿ. ನಮ್ಮಲ್ಲಿ ಸಾಲೇ ವಾಲಿಕೊಂಡಿದೆ. ಬೆಂಗಳೂರಿನಿಂದ 83 ಡಿಗ್ರಿ ಪೂರ್ವಕ್ಕೆ ಆ ಓರೆ 22 ಡಿಗ್ರಿ. 48 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-31 ಕಡೆ ತಿರುಗಿದರೆ 65 ಡಿಗ್ರಿ. ಅಲ್ಲಿ ಫಲಕದ ಅಗಲ ಬೀಮ್ ಹೆಚ್ಚುಕಡಿಮೆ ಉಪಗ್ರಹಗಳ ಸಾಲಿನುದ್ದಕ್ಕೂ ಚಾಚಿಕೊಳ್ಳುತ್ತದೆ, ಪ್ರಸಾರದ ಶಕ್ತಿ ತೀರಾ ಇಳಿಸಬೇಕಾಗುತ್ತದೆ. ಹೊರಗಿನ ಫಲಕ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ: 65 ಡಿಗ್ರಿ ಓರೆಯಲ್ಲಿ ಎಷ್ಟು ಇಐಆರ್‌ಪಿ (ಬೀಮ್ ದಿಕ್ಕಿನ ಪ್ರಸಾರ ಶಕ್ತಿ) ಸಾಂದ್ರತೆಗೆ ಅನುಮತಿ? ಚೌಕ ಅಥವಾ ದುಂಡು ಫಲಕಕ್ಕೆ ಈ ಕಾಟ ಇಲ್ಲ.

ಕರಾವಳಿ_ಟೆಲಿಕಾಂ:
ಇಷ್ಟೆಲ್ಲ ಯಾಕೆ, ಎಸ್ ಬ್ಯಾಂಡ್‌ನಲ್ಲೇ ಎರಡೂ ಕಡೆ ಸಂವಹನ ಮಾಡಿದರಾಗದೇ? ಸಣ್ಣ ಪ್ಯಾಚ್, ಗುರಿ ಇಡುವ ಗೋಜೂ ಇಲ್ಲ.

ತರಂಗದೂರ:
ಚಿಕ್ಕ ಸಂದೇಶಗಳಿಗೆ ಅದೇ ಸರಿಯಾದ ದಾರಿ. 2015ರ ಆಗಸ್ಟ್ 27ರಂದು ಜಿಎಸ್‌ಎಲ್‌ವಿ-ಡಿ6 ಹೊತ್ತೊಯ್ದ ಜಿಸ್ಯಾಟ್-6ರಲ್ಲಿ 6 ಮೀಟರ್‌ನ ಬಿಚ್ಚಿಕೊಳ್ಳುವ ಆಂಟೆನಾ ಇಟ್ಟಿದ್ದೇ ನೆಲದ ಆಂಟೆನಾ ಚಿಕ್ಕದಾಗಲಿ ಎಂದು. 2.5 ಗಿಗಾಹರ್ಟ್ಸ್‌ನಲ್ಲಿ ಅದು ಲೆಕ್ಕಕ್ಕೆ 42 ಡಿಬಿಐ ಹತ್ತಿರ. 2 ಮೀಟರ್ ಆಂಟೆನಾ ಆಗಿದ್ದರೆ 9.5 ಡಿಬಿ ಕಡಿಮೆ, ಆ ಭಾರವೆಲ್ಲ ಗಾಡಿಯ ಮೇಲೆ ಬೀಳುತ್ತಿತ್ತು. ರೈಲು ಎಂಜಿನ್‌ಗಳ ಸ್ಥಾನ ತಿಳಿಸುವ ಆರ್‌ಟಿಐಎಸ್ ವ್ಯವಸ್ಥೆ ಇಂಥ ಎಸ್ ಬ್ಯಾಂಡ್ ಸೇವೆಯನ್ನೇ ಬಳಸುವುದು. 2018ರ ಮಾರ್ಚ್ 29ರಂದು ಹೋದ ಜಿಸ್ಯಾಟ್-6ಎ ಸಂಪರ್ಕ ಕಡಿದುಕೊಂಡಿದ್ದು ಈ ಕ್ಷೇತ್ರಕ್ಕೆ ನಿಜವಾದ ನಷ್ಟ. ಆದರೆ ವಿಡಿಯೋ, ರೋಗಿಯ ಸ್ಕ್ಯಾನ್ ಚಿತ್ರ ಕಳಿಸಬೇಕೆಂದರೆ ಎಸ್ ಬ್ಯಾಂಡ್‌ನ ಕಿರಿದಾದ ಪಟ್ಟಿ ಸಾಲದು, ಕೆಯು ಬೇಕೇ ಬೇಕು.

ಶಿವಮೊಗ್ಗ_ವಿಸ್ಯಾಟ್:
ಫಲಕದ ವಿಷಯದಲ್ಲಿ ಜನ ಮರೆಯುವುದು ಶಾಖ. ಎಲಿಮೆಂಟ್‌ಗೆ 150 ಮಿಲಿವ್ಯಾಟ್ ಅಂದುಕೊಂಡರೂ 1024ಕ್ಕೆ 154 ವ್ಯಾಟ್. ಮೋಡೆಮ್ ಸೇರಿ 200 ದಾಟುತ್ತದೆ, 12 ವೋಲ್ಟ್ ಬ್ಯಾಟರಿಯಿಂದ 17 ಆಂಪಿಯರ್. ಎಂಜಿನ್ ಆರಿಸಿದ್ದರೆ 60 ಆಂಪಿಯರ್ ಅವರ್ ಬ್ಯಾಟರಿಯ ಅರ್ಧ ಎರಡು ಗಂಟೆಯೊಳಗೆ ಖಾಲಿ, ಆಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ಆಂಬುಲೆನ್ಸ್‌ಗೆ ಅದು ಅಪಾಯ. ಬೇರೆ ಬ್ಯಾಟರಿ, ವೋಲ್ಟೇಜ್ ಇಳಿದಾಗ ತಾನೇ ಕಡಿಯುವ ರಿಲೇ ಇಡಿ. ಆಲ್ಟರ್ನೇಟರ್‌ನಿಂದ ಬರುವ ಲೋಡ್ ಡಂಪ್ (ದಿಢೀರ್ ವೋಲ್ಟೇಜ್ ಏರಿಕೆ) ಏಟು ತಡೆಯಲು ಟಿವಿಎಸ್ ಡಯೋಡ್ ಕಡ್ಡಾಯ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಯ ಛಾವಣಿಯೇ ಕಾದ ಹೆಂಚು, ಮೇಲೆ 154 ವ್ಯಾಟ್. ಹೀಟ್ ಸಿಂಕ್‌ನ ರೆಕ್ಕೆಗಳು ಗಾಡಿ ಓಡುವ ದಿಕ್ಕಿಗೆ ಇರಲಿ, ಫಲಕ ಮತ್ತು ಛಾವಣಿ ನಡುವೆ ಗಾಳಿ ಹರಿಯಲು 20 ಮಿ.ಮೀ. ಬಿಡಿ, ಬಿಸಿ ಹೆಚ್ಚಾದಾಗ ಪ್ರಸಾರ ಶಕ್ತಿ ಹಂತಹಂತವಾಗಿ ಇಳಿಯುವಂತೆ ಫರ್ಮ್‌ವೇರ್ ಬರೆಯಿರಿ.

ದಿಕ್ಕಿಗೆ ಮ್ಯಾಗ್ನೆಟೋಮೀಟರ್ ನಂಬಬೇಡಿ, ಸ್ಟೀಲ್ ಛಾವಣಿ ಅದನ್ನು ಕೆಡಿಸುತ್ತದೆ. 1 ಮೀಟರ್ ದೂರದಲ್ಲಿ ಎರಡು ನ್ಯಾವಿಗೇಷನ್ ಆಂಟೆನಾ ಇಟ್ಟರೆ ಫೇಸ್ ವ್ಯತ್ಯಾಸದಿಂದ ದಿಕ್ಕು 0.2–0.3 ಡಿಗ್ರಿಗೆ ಸಿಗುತ್ತದೆ. ಜೈರೋ ನಡುನಡುವಿನ ಮಿಲಿಸೆಕೆಂಡ್‌ಗಳನ್ನು ತುಂಬುತ್ತದೆ, ಕೊನೆಯ ಹದ ಬೀಮನ್ನು ಸ್ವಲ್ಪ ಅತ್ತಿತ್ತ ಆಡಿಸಿ ಸಿಗ್ನಲ್ ನೋಡಿ ಬರಬೇಕು.

ಕರಾವಳಿ_ಟೆಲಿಕಾಂ:
ಆಗುಂಬೆ ಮಳೆಯಲ್ಲಿ ಏನಾಗುತ್ತದೆ?

ಶಿವಮೊಗ್ಗ_ವಿಸ್ಯಾಟ್:
ಉಪಗ್ರಹ ನೆತ್ತಿಗೆ ಹತ್ತಿರವಿದ್ದಾಗ ಮಳೆಯೊಳಗಿನ ದಾರಿ ಗಿಡ್ಡ, ಅದು ನಮ್ಮ ಪುಣ್ಯ. ಆದರೂ ಜಡಿಮಳೆಯಲ್ಲಿ ಕೆಯು ಕಡಿದುಹೋಗುವುದನ್ನು ತಪ್ಪಿಸಲಾಗದು. ಮೋಡೆಮ್ ಕೋಡಿಂಗ್ ಇಳಿಸಿಕೊಂಡು ನಿಧಾನವಾಗಿಯಾದರೂ ಉಳಿಯುವಂತಿರಬೇಕು. ಫಲಕದ ಮೇಲೆ ನಿಲ್ಲುವ ನೀರು ಬೇರೆ ಸಮಸ್ಯೆ. ಮಳೆ ನಿಂತ ಮೇಲೂ ತೆಳ್ಳನೆ ನೀರಿನ ಪದರ ಕೆಲವು ಡಿಬಿ ತಿನ್ನುತ್ತದೆ. ಮುಚ್ಚಳ ಮಟ್ಟಸವಾಗಿರಬಾರದು, ನಡು ಉಬ್ಬಿರಲಿ, ನೀರು ಹಿಡಿಯದ ಲೇಪನ ಇರಲಿ. ಲೇಪನ ಬಿಸಿಲಿಗೆ ಸವೆಯುವುದರಿಂದ ಪ್ರತಿ ಮಳೆಗಾಲಕ್ಕೆ ಮುಂಚೆ ಮತ್ತೆ ಹಚ್ಚಬೇಕು. ದಪ್ಪವನ್ನೂ ಲೆಕ್ಕ ಹಾಕಿಯೇ ಇಡಿ: 2.8 ಸ್ಥಿರಾಂಕದ ಪ್ಲಾಸ್ಟಿಕ್‌ಗೆ 14.25ರಲ್ಲಿ ಅರ್ಧ ತರಂಗ 6.3 ಮಿ.ಮೀ., 12 ಗಿಗಾಹರ್ಟ್ಸ್‌ನಲ್ಲಿ 7.5. ಎರಡಕ್ಕೂ ಒಂದೇ ದಪ್ಪ ಹೊಂದದು, ಹಾಗಾಗಿ ತೆಳು ಪದರ, ಫೋಮ್, ಮತ್ತೆ ತೆಳು ಪದರದ ರಚನೆ ಉತ್ತಮ.

ಎಲ್‌ಎನ್‌ಎ_ಧಾರವಾಡ:
ಒಂದು ಎಚ್ಚರಿಕೆ. ನ್ಯಾವಿಗೇಷನ್ ಸ್ವೀಕಾರಕ್ಕೆ ಲೈಸೆನ್ಸ್ ಬೇಡ, ಪ್ರಸಾರಕ್ಕೆ ಬೇಕು. ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಪ್ರಾಯೋಗಿಕ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಅದು ಬರುವವರೆಗೆ ಪ್ರಸಾರದ ಪರೀಕ್ಷೆ ಎಲ್ಲ ಆನೆಕೋಯಿಕ್ (ತರಂಗ ಪ್ರತಿಫಲಿಸದ) ಕೋಣೆಯೊಳಗೇ.

ಪ್ಯಾಚ್_ಮೈಸೂರು:
ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ಎಸ್ ಬ್ಯಾಂಡ್ ಡಬ್ಬಿಯನ್ನು ಗಾಡಿ ಮೇಲೆ ಕೂರಿಸಿದ ಮೇಲೆ ಪ್ಯಾಟರ್ನ್ (ಯಾವ ದಿಕ್ಕಿಗೆ ಎಷ್ಟು ಗೇನ್ ಎಂಬುದು) ಅಳೆಯುವುದು ಹೇಗೆ? ಅಷ್ಟು ದೊಡ್ಡ ಕೋಣೆ ನಮಗೆ ಸಿಗುವುದಿಲ್ಲ.

ಛಾವಣಿಕೆಲಸ:
ಛಾವಣಿಯ 1 ಮೀಟರ್ ಭಾಗವೂ ಆಂಟೆನಾದ ಭಾಗವೇ ಆದ್ದರಿಂದ ಫಾರ್ ಫೀಲ್ಡ್ ದೂರ (ಪ್ಯಾಟರ್ನ್ ಸರಿಯಾಗಿ ಅಳೆಯಲು ಬೇಕಾದ ಕನಿಷ್ಠ ದೂರ) 16–17 ಮೀಟರ್ ಆಗುತ್ತದೆ. ಕೋಣೆಯ ಆಸೆ ಬಿಡಿ, ಉಪಗ್ರಹವನ್ನೇ ಸಿಗ್ನಲ್ ಮೂಲ ಮಾಡಿಕೊಳ್ಳಿ. ಸುತ್ತ ಮರ, ಕಟ್ಟಡ ಇಲ್ಲದ ಮೈದಾನದಲ್ಲಿ ಗಾಡಿಯನ್ನು ನಿಧಾನವಾಗಿ ವೃತ್ತದಲ್ಲಿ ಓಡಿಸಿ, ಪ್ರತಿ ಸೆಕೆಂಡಿಗೆ ದಿಕ್ಕು ಮತ್ತು ಪ್ರತಿ ಉಪಗ್ರಹದ ಸಿ/ಎನ್0 ಲಾಗ್ ಮಾಡಿ. ಭೂಸ್ಥಿರ ಉಪಗ್ರಹಗಳು ಅಲ್ಲಾಡುವುದಿಲ್ಲ, ಹಾಗಾಗಿ ಒಂದು ಸುತ್ತಿನಲ್ಲಿ ಆ ಎತ್ತರದ ಪೂರ್ತಿ ಪ್ಯಾಟರ್ನ್ ಸಿಗುತ್ತದೆ: 83ರದ್ದು ನೆತ್ತಿಯ ಹತ್ತಿರದ ಭಾಗ ತೋರಿಸುತ್ತದೆ, 32.5ರದ್ದು 36 ಡಿಗ್ರಿಯ ಕಡಿತ. ಎಡಕ್ಕೆ ಒಂದು, ಬಲಕ್ಕೆ ಒಂದು ಸುತ್ತು ಹಾಕಿ. ತಗ್ಗು ಎರಡರಲ್ಲೂ ಗಾಡಿಯ ಅದೇ ದಿಕ್ಕಿಗೆ ಬಂದರೆ ಕಾರಣ ಛಾವಣಿ ಮೇಲೆ, ಮೈದಾನದ ಅದೇ ಜಾಗಕ್ಕೆ ಬಂದರೆ ಕಾರಣ ಹೊರಗೆ. 36 ಡಿಗ್ರಿ ಕಡಿತದಲ್ಲಿ ಏರಿಳಿತ 3 ಡಿಬಿ ದಾಟಿದರೆ ಡಬ್ಬಿಯನ್ನು ಲೈಟ್ ಬಾರ್‌ನಿಂದ 100 ಮಿ.ಮೀ. ಹಿಂದಕ್ಕೆ ಸರಿಸಿ ಮತ್ತೆ ಓಡಿಸಿ. ತೂತು ಕೊರೆಯುವುದಕ್ಕೆ ಮುಂಚೆ, ಆಯಸ್ಕಾಂತದ ತಳದ ಮೇಲೆ ಇಟ್ಟುಕೊಂಡು ಇದನ್ನೆಲ್ಲ ಮುಗಿಸಿ. ಫೈಬರ್ ಟಾಪ್ ಆದರೆ ಅಲ್ಯುಮಿನಿಯಂ ತಗಡಿನ ಸಮೇತ ಟೇಪ್ ಹಾಕಿ ಅಂಟಿಸಿಕೊಳ್ಳಿ.